ಕಾಕಂಬಿ, ಪಾಪ್ಲರ್, ಬ್ಯಾಕ್ಟೀರಿಯಾ: ಕೆಟ್ಟ ಅಂತರ್ಜಲಕ್ಕೆ ಮದ್ದು

ನೆಲದಡಿಯ ನೀರಿಗೆ ಒಮ್ಮೆ ರಾಸಾಯನಿಕ ಬೆರೆತರೆ ಅದನ್ನು ತೆಗೆಯುವುದು ಹೊಳೆ, ಕೆರೆಗಳನ್ನು ಚೊಕ್ಕಟ ಮಾಡಿದಂತಲ್ಲ. ಹೊಳೆ ಮಳೆಗಾಲಕ್ಕೊಮ್ಮೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅಂತರ್ಜಲವಾದರೋ ಮರಳಿನ ಕಣಗಳ ಸಂದಿನಲ್ಲಿ, ಬಂಡೆಯ ಬಿರುಕಿನಲ್ಲಿ ಹಲವೆಡೆ ದಿನಕ್ಕೆ ಕೆಲವೇ ಸೆಂಟಿಮೀಟರ್ ಲೆಕ್ಕದಲ್ಲಿ ತೆವಳುತ್ತದೆ. ಅಲ್ಲಿ ಬಿಸಿಲಿಲ್ಲ, ಗಾಳಿ ತೀರಾ ಕಡಿಮೆ. ಕಾರ್ಖಾನೆಯ ಹಿತ್ತಿಲಲ್ಲಿ ಚೆಲ್ಲಿದ ದ್ರಾವಕ, ತುಕ್ಕು ಹಿಡಿದ ಟ್ಯಾಂಕಿನಿಂದ ಸೋರಿದ ಪೆಟ್ರೋಲ್, ಕ್ರೋಮೇಟ್ ಘಟಕದ ಹಳದಿ ತ್ಯಾಜ್ಯ, ಹೊಲಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸುರಿದ ಯೂರಿಯಾದಿಂದ ಇಳಿದ ನೈಟ್ರೇಟ್ ಎಲ್ಲವೂ ಆ ಕತ್ತಲಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಬಾವಿಯ ನೀರಿನ ರುಚಿ ಬದಲಾಗಿ ಜನಕ್ಕೆ ಅನುಮಾನ ಬರುವ ಹೊತ್ತಿಗೆ ಚೆಲ್ಲಿದವರು ಎಷ್ಟೋ ಸಲ ಊರು ಬಿಟ್ಟಿರುತ್ತಾರೆ.

ಮೊದಲು ಹೊಳೆದ ಪರಿಹಾರ ಸರಳವಾದದ್ದೇ: ನೀರನ್ನು ಪಂಪಿನಿಂದ ಮೇಲೆತ್ತಿ, ಸೋಸಿ, ಹೊರಬಿಡುವುದು. ಅಮೆರಿಕ 1980ರ ದಶಕದಲ್ಲಿ ಈ ದಾರಿಗೆ ಅಪಾರ ಹಣ ಸುರಿಯಿತು. ಆದರೆ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ 77 ತಾಣಗಳ ಲೆಕ್ಕ ತೆಗೆದು ನೋಡಿದಾಗ 69 ಕಡೆ ನೀರು ಶುದ್ಧಿಯ ಗುರಿ ಮುಟ್ಟಿರಲಿಲ್ಲ. ಪಂಪು ನಡೆಯುವಾಗ ನೀರಿನಲ್ಲಿ ವಿಷದ ಅಂಶ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಏರುತ್ತದೆ. ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೀರಿನ ಮಟ್ಟವನ್ನು ದಾಟಿ ಕೆಳಗಿಳಿದು ಜೇಡಿಯ ಪದರದ ಮೇಲೆ ಮಡುಗಟ್ಟಿ, ಅಲ್ಲಿಂದ ಚೂರುಚೂರೇ ಕರಗುತ್ತ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದಕ್ಕೆ ಅಮೆರಿಕ ಇಟ್ಟಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ ಒಂದು ಲೀಟರ್ ದ್ರಾವಕ ಸುಮಾರು 29 ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು.

ಪಂಪು ಸೋತಲ್ಲಿ ಕೆಲಸ ಹಿಡಿದವು ಸೂಕ್ಷ್ಮಾಣುಗಳು ಮತ್ತು ಗಿಡಮರಗಳು. ಇವೆರಡರ ಬಗ್ಗೆಯೂ ಪತ್ರಿಕೆಗಳಲ್ಲಿ ಬರುವ ಉತ್ಸಾಹದ ವರದಿಗಳಿಗೆ ಲೆಕ್ಕವಿಲ್ಲ. ‘ವಿಷ ತಿನ್ನುವ ಬ್ಯಾಕ್ಟೀರಿಯಾ’ ಎಂಬ ತಲೆಬರಹ ಓದದವರೂ ಕಡಿಮೆ. ಪ್ರತಿ ವಿಧಾನಕ್ಕೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ. ನೀರಿನಿಂದ ಹೋದ ವಿಷ ಎಲ್ಲಿಗೆ ಹೋಯಿತು? ಅದು ನಿಜವಾಗಿಯೂ ಮುರಿದುಬಿತ್ತೋ, ನೆಲದಲ್ಲೇ ಗಟ್ಟಿಯಾಗಿ ಕೂತಿತೋ, ಎಲೆಗೆ ಏರಿತೋ, ಗಾಳಿಗೆ ಹಾರಿತೋ? ಈ ನಾಲ್ಕೂ ಬೇರೆ ಬೇರೆ ಸಂಗತಿಗಳು, ನಾಲ್ಕರ ಮುಂದಿನ ಖರ್ಚೂ ಬೇರೆ.

ಪೆಟ್ರೋಲಿನ ಪಾಠ

ಪೆಟ್ರೋಲ್, ಡೀಸೆಲ್ಲುಗಳಲ್ಲಿ ಇರುವ ಬೆಂಜೀನ್, ಟಾಲೂಯೀನ್‌ಗಳಂಥ ಸಂಯುಕ್ತಗಳು ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ. ಮನುಷ್ಯ ಅನ್ನ ತಿಂದು ಆಮ್ಲಜನಕ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುವಂತೆಯೇ ಅವು ಬೆಂಜೀನನ್ನು ತಿಂದು ಅದೇ ಅನಿಲ ಬಿಡುತ್ತವೆ. ಇಂಥ ಬ್ಯಾಕ್ಟೀರಿಯಾಗಳನ್ನು ಹೊರಗಿನಿಂದ ತರಬೇಕಾದ್ದು ಅಪರೂಪ. ಯಾವುದೇ ಮಣ್ಣಿನಲ್ಲಿ ಅವು ಇದ್ದೇ ಇರುತ್ತವೆ. ಕೊರತೆ ಬೀಳುವುದು ಉಸಿರಿಗೆ. ಒಂದು ಕಿಲೋ ಬೆಂಜೀನ್ ಪೂರ್ತಿ ಮುರಿಯಲು ಸುಮಾರು 3 ಕಿಲೋ ಆಮ್ಲಜನಕ ಬೇಕು. ಗಾಳಿಯೊಂದಿಗೆ ಬೆರೆತ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಎಂಟೊಂಬತ್ತು ಮಿಲಿಗ್ರಾಂ ಅಷ್ಟೆ. ಅಂದರೆ ಒಂದೇ ಕಿಲೋ ಬೆಂಜೀನಿಗೆ ಸುಮಾರು ಮೂರೂವರೆ ಲಕ್ಷ ಲೀಟರ್ ನೀರಿನ ಉಸಿರೆಲ್ಲ ಬೇಕಾಗುತ್ತದೆ. ಸೋರಿಕೆಯ ಜಾಗದಲ್ಲಿ ಆಮ್ಲಜನಕ ಕೆಲವೇ ದಿನಗಳಲ್ಲಿ ಬರಿದಾಗುವುದು ಇದರಿಂದ.

ಈ ಕೊರತೆಯನ್ನು ತುಂಬುವ ಉಪಾಯವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವನು ಅಮೆರಿಕದ ತೈಲ ಕಂಪನಿಯೊಂದರ ಸಂಶೋಧಕ ರಿಚರ್ಡ್ ರೇಮಂಡ್. 1972ರಲ್ಲಿ ಪೆನ್ಸಿಲ್ವೇನಿಯಾದ ಆಂಬ್ಲರ್ ಎಂಬಲ್ಲಿ ಪೈಪ್‌ಲೈನ್ ಒಡೆದು ಪೆಟ್ರೋಲ್ ಅಂತರ್ಜಲ ಸೇರಿತ್ತು. ಮೇಲೆ ತೇಲುತ್ತಿದ್ದಷ್ಟನ್ನು ಪಂಪ್ ಮಾಡಿದ ಮೇಲೂ ಮಣ್ಣಿಗಂಟಿ ಉಳಿದದ್ದನ್ನು ಏನು ಮಾಡಬೇಕೆಂದು ತೋಚದಿದ್ದಾಗ ರೇಮಂಡ್ ತಂಡ ಬಾವಿಗಳೊಳಕ್ಕೆ ಗಾಳಿ ಊದಿತು, ಸಾರಜನಕ ಮತ್ತು ರಂಜಕದ ಲವಣ ಸೇರಿಸಿತು. ಹೊಲಕ್ಕೆ ಗೊಬ್ಬರ ಹಾಕಿದ ಹಾಗೆಯೇ, ಇಲ್ಲಿ ಬೆಳೆ ಮಾತ್ರ ಕಣ್ಣಿಗೆ ಕಾಣದ್ದು. ಅಲ್ಲಿದ್ದ ಬ್ಯಾಕ್ಟೀರಿಯಾಗಳೇ ಹೆಚ್ಚಿ ಪೆಟ್ರೋಲನ್ನು ತಿಂದವು. 1974ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಇಂದು ಬಳಕೆಯಲ್ಲಿರುವ ಎಷ್ಟೋ ತಂತ್ರಗಳು ಇದರ ಕವಲುಗಳೇ: ನೀರಿನ ಮಟ್ಟಕ್ಕಿಂತ ಕೆಳಗೆ ಗಾಳಿ ಗುಳ್ಳೆ ಬಿಡುವುದು, ನಿಧಾನವಾಗಿ ಆಮ್ಲಜನಕ ಬಿಡುವ ಮೆಗ್ನೀಸಿಯಂ ಪೆರಾಕ್ಸೈಡ್ ಪುಡಿಯನ್ನು ನೆಲದೊಳಗೆ ತುಂಬುವುದು ಇತ್ಯಾದಿ.

ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಿನ್ನೆಸೋಟದ ಬೆಮಿಜಿ ಎಂಬ ಊರಿನ ಬಳಿ ಒಂದು ಪ್ರಯೋಗಶಾಲೆಯೇ ಹುಟ್ಟಿಕೊಂಡಿದೆ. 1979ರ ಆಗಸ್ಟ್ 20ರಂದು ಅಲ್ಲಿ ಕಚ್ಚಾ ತೈಲದ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರ್ ತೈಲ ಚೆಲ್ಲಿತು. ಬಹುಪಾಲನ್ನು ಬಾಚಿ ತೆಗೆದ ಮೇಲೂ ಸುಮಾರು 4 ಲಕ್ಷ ಲೀಟರ್ ನೆಲದಲ್ಲಿ ಉಳಿಯಿತು. 1983ರಿಂದ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಆ ತಾಣವನ್ನು ಕೆದಕದೆ, ಬರೀ ಅಳೆಯುತ್ತ ಕೂತಿದೆ. ಆಮ್ಲಜನಕ ತೀರಿದ ಕಡೆ ಬ್ಯಾಕ್ಟೀರಿಯಾಗಳು ಸತ್ತುಹೋಗಲಿಲ್ಲ, ಬೇರೆ ಉಸಿರು ಹುಡುಕಿಕೊಂಡವು. ಮಣ್ಣಿನಲ್ಲಿದ್ದ ಕಬ್ಬಿಣದ ತುಕ್ಕನ್ನೇ ಕೆಲವು ಉಸಿರಾಡಿದವು. ಅದೂ ಮುಗಿದಲ್ಲಿ ಮೀಥೇನ್ ಬಿಡುವ ಜೀವಿಗಳು ಬೀಡುಬಿಟ್ಟವು. ಆಮ್ಲಜನಕ, ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್, ಕೊನೆಗೆ ಇಂಗಾಲದ ಡೈಆಕ್ಸೈಡ್ ಎಂಬ ಈ ಸರದಿ ಜಗತ್ತಿನ ಯಾವ ಅಂತರ್ಜಲದಲ್ಲೂ ಹೆಚ್ಚುಕಡಿಮೆ ಹೀಗೆಯೇ. ಈ ವಿದ್ಯೆಯ ವ್ಯಾಕರಣ ಇಷ್ಟೇ ಎಂದರೂ ತಪ್ಪಾಗದು. ಕ್ಯಾಲಿಫೋರ್ನಿಯಾದಲ್ಲಿ ಸೋರಿದ ಇಂಧನ ಟ್ಯಾಂಕುಗಳನ್ನು ಪರಿಶೀಲಿಸಿದ ಲಿವರ್‌ಮೋರ್ ಪ್ರಯೋಗಾಲಯದ 1995ರ ವರದಿಯೂ ಬಹುಪಾಲು ಕಡೆ ಬೆಂಜೀನಿನ ಜಾಡು 75 ಮೀಟರ್ ಆಸುಪಾಸಿನಲ್ಲೇ ನಿಂತುಹೋಗಿರುವುದನ್ನು ಕಂಡಿತು. ‘ಮೇಲ್ವಿಚಾರಣೆಯಡಿಯ ಸಹಜ ಕ್ಷಯ’ ಎಂಬುದು 1999ರಲ್ಲಿ ಅಮೆರಿಕದ ಪರಿಸರ ಸಂಸ್ಥೆಯ ಅಧಿಕೃತ ನೀತಿಯಲ್ಲಿ ಜಾಗ ಪಡೆಯಿತು. ಕೈಕಟ್ಟಿ ಕೂರಲು ಇದೊಂದು ನೆಪವಾಯಿತೆಂದು ಗೊಣಗಿದವರೂ ಇದ್ದರು. ಬಾವಿಗಳನ್ನು ತೋಡಿ ವರ್ಷಗಟ್ಟಲೆ ಅಳೆಯುವ ಶಿಸ್ತು ಇಲ್ಲದ ಕಡೆ ಆ ಗೊಣಗಾಟ ನ್ಯಾಯವಾದದ್ದೇ.

ಕ್ಲೋರಿನ್ ಕಿತ್ತುಹಾಕುವ ಪುಟ್ಟ ಜೀವಿ

ಪೆಟ್ರೋಲಿನ ಲೆಕ್ಕ ಟ್ರೈಕ್ಲೋರೋಎಥಿಲೀನಿಗೆ ಹೊಂದುವುದಿಲ್ಲ. ಕ್ಲೋರಿನ್ ಪರಮಾಣುಗಳು ಸುತ್ತುವರಿದಿರುವುದರಿಂದ ಅದನ್ನು ಆಹಾರವಾಗಿ ತಿನ್ನುವುದು ಕಷ್ಟ. ಆದರೆ ಆಮ್ಲಜನಕವಿಲ್ಲದ ಕಡೆ ಅದನ್ನು ‘ಉಸಿರಾಡುವ’ ಜೀವಿಗಳಿವೆ. ಅವು ಹೈಡ್ರೋಜನ್ ತಿಂದು, ಒಂದೊಂದೇ ಕ್ಲೋರಿನ್ ಕಿತ್ತು ಆ ಜಾಗದಲ್ಲಿ ಹೈಡ್ರೋಜನ್ ಕೂರಿಸುತ್ತವೆ. ಡ್ರೈಕ್ಲೀನಿಂಗ್ ಅಂಗಡಿಗಳ ಟೆಟ್ರಾಕ್ಲೋರೋಎಥಿಲೀನ್ ಹೀಗೆ ಟ್ರೈ ಆಗುತ್ತದೆ, ಟ್ರೈ ಡೈ ಆಗುತ್ತದೆ, ಡೈ ವಿನೈಲ್ ಕ್ಲೋರೈಡ್ ಆಗುತ್ತದೆ, ಕೊನೆಗೆ ನಿರಪಾಯಕಾರಿ ಎಥಿಲೀನ್. ಬಾಳೆಕಾಯಿ ಮಾಗಿಸುವುದು ಈ ಎಥಿಲೀನೇ.

ತೊಂದರೆ ಕೊನೆಯ ಮೆಟ್ಟಿಲಿನಲ್ಲಿದೆ. ವಿನೈಲ್ ಕ್ಲೋರೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತು. ಮೂಲ ದ್ರಾವಕಕ್ಕಿಂತ ಹೆಚ್ಚು ಅಪಾಯಕಾರಿ. ಪ್ರಕ್ರಿಯೆ ಅಲ್ಲೇ ನಿಂತುಬಿಟ್ಟರೆ ಮದ್ದೇ ರೋಗವಾದಂತೆ. 1985ರಲ್ಲಿ ಸ್ಟ್ಯಾನ್‌ಫರ್ಡಿನ ವೋಗಲ್ ಮತ್ತು ಪೆರಿ ಮೆಕಾರ್ಟಿ ಈ ಅಪಾಯವನ್ನು ತೋರಿಸಿದರು. 1989ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಫ್ರೀಡ್‌ಮನ್ ಮತ್ತು ಗಾಸೆಟ್ ಅದೇ ಸರಪಳಿ ಎಥಿಲೀನ್‌ವರೆಗೂ ಹೋಗಬಲ್ಲದೆಂದು ಸಾಬೀತು ಮಾಡಿದರು. ಅದನ್ನು ಮಾಡುವ ಜೀವಿ ಯಾವುದೆಂದು ಗೊತ್ತಾಗಲು 1997ರವರೆಗೆ ಕಾಯಬೇಕಾಯಿತು. ಅದೇ ಕಾರ್ನೆಲ್ಲಿನ ಚರಂಡಿ ಕೆಸರಿನ ಸಾಕಣೆಯಿಂದ ಬೇರ್ಪಡಿಸಿದ ಡಿಹ್ಯಾಲೋಕಾಕಾಯ್ಡಿಸ್ ಒಂದು ಮೈಕ್ರೋಮೀಟರಿಗಿಂತ ಚಿಕ್ಕದು, ಸ್ವಭಾವದಲ್ಲಿ ಮಹಾ ಮಡಿವಂತ. ಹೈಡ್ರೋಜನ್ ಬಿಟ್ಟು ಬೇರೇನನ್ನೂ ಉಣ್ಣದು, ಕ್ಲೋರಿನ್ ಹೊತ್ತ ಸಂಯುಕ್ತ ಬಿಟ್ಟು ಬೇರೇನನ್ನೂ ಉಸಿರಾಡದು, ಆಮ್ಲಜನಕ ತಾಗಿದರೆ ಸೊರಗಿಹೋಗುತ್ತದೆ, ತನಗೆ ಬೇಕಾದ ಬಿ12 ಜೀವಸತ್ವವನ್ನು ಅಕ್ಕಪಕ್ಕದ ಬ್ಯಾಕ್ಟೀರಿಯಾಗಳಿಂದ ಕಡ ತರುತ್ತದೆ. 2013ರಲ್ಲಿ ಅದಕ್ಕೆ ಮೆಕಾರ್ಟಿಯವರ ಹೆಸರನ್ನೇ ಸೇರಿಸಿ ಡಿಹ್ಯಾಲೋಕಾಕಾಯ್ಡಿಸ್ ಮೆಕಾರ್ಟಿಯೈ ಎಂದು ಕರೆದರು.

ಇಂಥ ಮಡಿವಂತನಿಗೆ ಅಡುಗೆ ಮಾಡುವವರು ಬೇರೆ ಬೇಕು. ಎಂಜಿನಿಯರುಗಳು ಕೊಳವೆಬಾವಿಯ ಮೂಲಕ ನೆಲದೊಳಗೆ ಸುರಿಯುವುದು ಅಗ್ಗದ ಸಕ್ಕರೆ, ಕೊಬ್ಬುಗಳನ್ನು: ಸಕ್ಕರೆ ಕಾರ್ಖಾನೆಯ ಕಾಕಂಬಿ, ಹಾಲು ಹುಳಿಯಾದಾಗ ಬರುವ ಲ್ಯಾಕ್ಟಿಕ್ ಆಮ್ಲದ ಲವಣ, ನೀರಿನೊಂದಿಗೆ ಕದಡಿದ ಸೋಯಾ ಎಣ್ಣೆ. ಸಾಮಾನ್ಯ ಬ್ಯಾಕ್ಟೀರಿಯಾಗಳು ಇವನ್ನು ಹುಳಿಸುವಾಗ ಮೊದಲು ಉಳಿದಿರುವ ಆಮ್ಲಜನಕವನ್ನು ಮುಗಿಸುತ್ತವೆ, ಆಮೇಲೆ ಹೈಡ್ರೋಜನ್ ಬಿಡುತ್ತವೆ. ಹಿಟ್ಟು ಹುದುಗು ಬಂದಂತೆ ನೆಲದಡಿಯಲ್ಲೊಂದು ಹುದುಗು. ಓಕ್ಲಹೋಮಾದ ಆಲ್ಟಸ್ ವಾಯುನೆಲೆಯಲ್ಲಿ 2002ರಲ್ಲಿ ಕಂದಕ ತೋಡಿ ಮರದ ಚೂರು, ಕಾಂಪೋಸ್ಟ್, ಮರಳು ತುಂಬಿ ಹರಿವ ಅಂತರ್ಜಲಕ್ಕೆ ಅಡ್ಡಲಾಗಿ ‘ಜೈವಿಕ ಗೋಡೆ’ ಕಟ್ಟಿದರು. ನೀರು ತಾನಾಗಿಯೇ ಅದರ ಮೂಲಕ ನುಸುಳಿ ಹೋಗುತ್ತದೆ. ಪಂಪು, ವಿದ್ಯುತ್ತು ಎರಡೂ ಬೇಡ.

ಕೆಲವು ತಾಣಗಳಲ್ಲಿ ಈ ಜೀವಿ ಇರುವುದೇ ಇಲ್ಲ. ಟೆಕ್ಸಾಸಿನ ಕೆಲ್ಲಿ ವಾಯುನೆಲೆಯಲ್ಲಿ ಆಹಾರ ಸುರಿದರೂ ಪ್ರಕ್ರಿಯೆ ಡೈಕ್ಲೋರೋಎಥಿಲೀನಿನಲ್ಲೇ ನಿಂತಿತ್ತು. ಟೊರಾಂಟೊ ವಿಶ್ವವಿದ್ಯಾಲಯದ ಎಲಿಜಬೆತ್ ಎಡ್ವರ್ಡ್ಸ್ ತಂಡ ಒಂಟಾರಿಯೋದ ಕೆಟ್ಟ ಮಣ್ಣಿನಿಂದ ಬೆಳೆಸಿದ್ದ ಕೆಬಿ-1 ಎಂಬ ಮಿಶ್ರ ಸಾಕಣೆಯನ್ನು ಹೆಪ್ಪು ಹಾಕಿದ ಮೇಲೆ, ಸುಮಾರು 200 ದಿನಗಳಲ್ಲಿ ದ್ರಾವಕಗಳು ಲೀಟರಿಗೆ 5 ಮೈಕ್ರೋಗ್ರಾಂಗಿಂತ ಕೆಳಗಿಳಿದು ಎಥಿಲೀನ್ ಕಾಣಿಸಿಕೊಂಡಿತು. ಹೊರಗಿನ ಬ್ಯಾಕ್ಟೀರಿಯಾ ತಂದು ಸುರಿದು ಗೆದ್ದ, ಗಟ್ಟಿ ಪುರಾವೆಯಿರುವ ಉದಾಹರಣೆಗಳಲ್ಲಿ ಇದೊಂದು. ಮಾರುಕಟ್ಟೆಯಲ್ಲಿ ಚೀಲಗಟ್ಟಲೆ ಮಾರುವ ‘ಸರ್ವವಿಷಹಾರಿ’ ಪುಡಿಗಳಿಗೆ ಅಂಥ ಪುರಾವೆ ಸಾಮಾನ್ಯವಾಗಿ ಇರುವುದಿಲ್ಲ. ಆನಂದ ಮೋಹನ ಚಕ್ರವರ್ತಿ ರೂಪಿಸಿದ ತೈಲ ತಿನ್ನುವ ಸ್ಯೂಡೋಮೋನಾಸ್‌ಗೆ ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ಪೇಟೆಂಟ್ ಮಾನ್ಯ ಮಾಡಿದ್ದು ಕಾನೂನಿನ ಚರಿತ್ರೆಯಲ್ಲಿ ದೊಡ್ಡ ಘಟನೆ. ನೆಲದಡಿಯ ಶುದ್ಧಿಯಲ್ಲಿ ಮಾತ್ರ ಕುಲಾಂತರಿ ಬ್ಯಾಕ್ಟೀರಿಯಾಗಳು ಇಂದಿಗೂ ಬಾಗಿಲಾಚೆಯೇ ನಿಂತಿವೆ.

ಇನ್ನೊಂದು ಉಪಾಯ ಆಕಸ್ಮಿಕವನ್ನು ದುಡಿಸಿಕೊಳ್ಳುವುದು. ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳ ಕಿಣ್ವ ಟ್ರೈಕ್ಲೋರೋಎಥಿಲೀನನ್ನೂ ಮೀಥೇನೆಂದು ತಪ್ಪು ತಿಳಿದು ಒಡೆಯುತ್ತದೆ, ತನಗೆ ಲಾಭವಿಲ್ಲದಿದ್ದರೂ. ಟಾಲೂಯೀನ್ ತಿನ್ನುವ ಕೆಲವು ಬ್ಯಾಕ್ಟೀರಿಯಾಗಳೂ ಹೀಗೆಯೇ. ಮೆಕಾರ್ಟಿ ತಂಡ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಅಂತರ್ಜಲಕ್ಕೆ ಅಳೆದು ಟಾಲೂಯೀನ್ ಸೇರಿಸಿ ಶೇ. 97ರಷ್ಟು ಟ್ರೈಕ್ಲೋರೋಎಥಿಲೀನ್ ಇಳಿಸಿತು. ಒಂದು ವಿಷ ತೆಗೆಯಲು ಇನ್ನೊಂದನ್ನು ಸುರಿಯಲು ಅನುಮತಿ ಪಡೆಯುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ಊಹಿಸಬಹುದು.

ಮುರಿಯಲಾಗದ್ದನ್ನು ಕೂರಿಸುವುದು

ಲೋಹಗಳ ಕಥೆ ಬೇರೆ. ಕ್ರೋಮಿಯಂ, ಯುರೇನಿಯಂ ಮೂಲವಸ್ತುಗಳು. ಯಾವ ಬ್ಯಾಕ್ಟೀರಿಯಾವೂ ಅವನ್ನು ಮುರಿಯಲಾರದು. ರೂಪ ಬದಲಾಯಿಸಬಹುದು ಅಷ್ಟೆ. ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕರಗಿ ಹರಿಯುತ್ತದೆ, ಕ್ಯಾನ್ಸರ್ ತರುತ್ತದೆ. ಅದಕ್ಕೆ ಮೂರು ಎಲೆಕ್ಟ್ರಾನ್ ಸಿಕ್ಕರೆ ಮೂರು ವೇಲೆನ್ಸಿಗೆ ಇಳಿದು, ಹೈಡ್ರಾಕ್ಸೈಡ್ ಆಗಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಕಾಕಂಬಿ ತಿಂದ ಬ್ಯಾಕ್ಟೀರಿಯಾ ಆ ಎಲೆಕ್ಟ್ರಾನ್ ಕೊಡಬಲ್ಲದು.

ಇದರ ಅತಿ ಪ್ರಸಿದ್ಧ ತಾಣ ಕ್ಯಾಲಿಫೋರ್ನಿಯಾದ ಮರುಭೂಮಿಯ ಹಿಂಕ್ಲಿ. ಅಲ್ಲಿನ ಅನಿಲ ಕಂಪ್ರೆಸರ್ ಕೇಂದ್ರ 1950, 60ರ ದಶಕಗಳಲ್ಲಿ ಶೈತ್ಯ ಗೋಪುರಗಳು ತುಕ್ಕು ಹಿಡಿಯದಂತೆ ಬಳಸಿದ ಕ್ರೋಮಿಯಂ ನೀರನ್ನು ಬರಿಯ ಹೊಂಡಗಳಿಗೆ ಬಿಟ್ಟಿತ್ತು. 1996ರ 33.3 ಕೋಟಿ ಡಾಲರ್ ಪರಿಹಾರವನ್ನೂ 2000ದ ಸಿನಿಮಾ ‘ಎರಿನ್ ಬ್ರೋಕೋವಿಚ್’ ಅನ್ನೂ ಜಗತ್ತು ನೆನಪಿಟ್ಟುಕೊಂಡಿದೆ. ಸಿನಿಮಾ ಮುಗಿದ ಮೇಲೆ ಅಲ್ಲಿ ನಡೆದದ್ದು ಕಡಿಮೆ ಜನಕ್ಕೆ ಗೊತ್ತು. ಕೆಟ್ಟ ನೀರನ್ನು ಮೇಲೆತ್ತಿ ಲೂಸರ್ನ್ ಮೇವಿನ ಹೊಲಗಳಿಗೆ ಹನಿ ನೀರಾವರಿಯಲ್ಲಿ ಹಾಯಿಸಿದರು. ನಮ್ಮ ಹೈನುಗಾರರು ಕುದುರೆ ಮೆಂತ್ಯ ಎನ್ನುವ ಅದೇ ಮೇವು. ಬೇರಿನ ಸುತ್ತ ಸಾವಯವ ಅಂಶ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಕ್ರೋಮಿಯಂ ರೂಪ ಬದಲಿಸಿ ಮಣ್ಣಿನ ಮೇಲ್ಪದರದಲ್ಲೇ ಕೂರಿಸಿದವು. ಮೇವಿಗೆ ಏರಿದ್ದು ಅತ್ಯಲ್ಪ. ವಿಷ ದಟ್ಟವಾಗಿದ್ದ ನಡುಭಾಗದಲ್ಲಿ ಬಾವಿಗಳ ಮೂಲಕ ನೇರವಾಗಿ ಎಥನಾಲ್ ಇಳಿಸಿದರು. ಕ್ರೋಮಿಯಂ ಇಳಿಯಿತು, ಆದರೆ ತೊಂದರೆ ಬೇರೊಂದು ಕಡೆ ಎದ್ದಿತು. ಆಮ್ಲಜನಕ ಹೋಗುತ್ತಲೇ ಮಣ್ಣಿನ ಕಣಗಳಿಗೆ ಅಂಟಿದ್ದ ಮ್ಯಾಂಗನೀಸ್, ಆರ್ಸೆನಿಕ್‌ಗಳು ನೀರಿಗೆ ಬಿಡುಗಡೆಯಾಗತೊಡಗಿದವು. ಎಷ್ಟು ಎಥನಾಲ್ ಹಾಕಬೇಕೆಂಬ ಅಳತೆ ಅಲ್ಲಿ ಔಷಧದ ಡೋಸಿನಷ್ಟೇ ನಾಜೂಕಿನದಾಯಿತು.

ಭಾರತದಲ್ಲಿ ಇದಕ್ಕೆ ಹೋಲುವ ಗಾಯ ತಮಿಳುನಾಡಿನ ರಾಣಿಪೇಟೆಯದು. ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದು ಬಿಟ್ಟುಹೋದ ಲಕ್ಷಕ್ಕೂ ಹೆಚ್ಚು ಟನ್ ತ್ಯಾಜ್ಯದ ಗುಡ್ಡ ಪ್ರತಿ ಮಳೆಗೂ ಕರಗಿ ಪಾಲಾರ್ ಕಣಿವೆಯ ಅಂತರ್ಜಲಕ್ಕೆ ಇಳಿಯುತ್ತ ಬಂದಿದೆ. ಐಐಟಿ ಮದ್ರಾಸಿನ ಸಂಶೋಧಕರು ಅಲ್ಲಿ ಸಣ್ಣ ಪ್ರಮಾಣದ ಪ್ರಯೋಗ ನಡೆಸಿ, ಕ್ರೋಮಿಯಂ ತಾಳಿಕೊಳ್ಳುವ ಬ್ಯಾಕ್ಟೀರಿಯಾ ಮತ್ತು ಕಾಕಂಬಿಯನ್ನು ಬಾವಿಗಳ ಮೂಲಕ ಇಳಿಸಿ ಆರು ವೇಲೆನ್ಸಿಯ ಕ್ರೋಮಿಯಂ ಇಳಿಸಬಹುದೆಂದು ತೋರಿಸಿದ್ದಾರೆ. ಆದರೆ ಮೇಲಿನ ಗುಡ್ಡ ಇರುವವರೆಗೆ ಕೆಳಗಿನ ಚಿಕಿತ್ಸೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲೂ ಇದೇ ಕ್ರೋಮಿಯಂ ದಾಖಲಾಗಿದೆ. ಅಲ್ಲಿ ಮೂಲ ಒಂದಲ್ಲ. ಲೋಹಲೇಪನದ ಸಣ್ಣ ಸಣ್ಣ ಘಟಕಗಳು ಹರಡಿಕೊಂಡಿರುವುದರಿಂದ ಎಲ್ಲಿ ಬಾವಿ ತೋಡಿ ಎಲ್ಲಿ ಕಾಕಂಬಿ ಸುರಿಯಬೇಕು ಎಂಬುದೇ ಮೊದಲ ತೊಡಕು.

ಯುರೇನಿಯಮ್ಮಿನದೂ ಇದೇ ಬಗೆ. ಡೆರೆಕ್ ಲವ್ಲಿ 1987ರಲ್ಲಿ ಪೊಟೋಮ್ಯಾಕ್ ನದಿಯ ಕೆಸರಿನಿಂದ ಬೇರ್ಪಡಿಸಿದ ಜಿಯೋಬ್ಯಾಕ್ಟರ್ ಕರಗಿದ ಯುರೇನಿಯಂ ಅನ್ನು ಕರಗದ ರೂಪಕ್ಕೆ ಇಳಿಸುತ್ತದೆಂದು 1991ರಲ್ಲಿ ತಿಳಿಯಿತು. ಕೊಲರಾಡೋದ ರೈಫಲ್ ಎಂಬಲ್ಲಿ, ಹಳೆಯ ಯುರೇನಿಯಂ ಗಿರಣಿಯ ಜಾಗದಲ್ಲಿ, 2002ರ ಬೇಸಿಗೆಯಲ್ಲಿ ಅಸಿಟೇಟ್ ಸುರಿದಾಗ ಕೆಲವೇ ವಾರಗಳಲ್ಲಿ ಜಿಯೋಬ್ಯಾಕ್ಟರ್ ತುಂಬಿಕೊಂಡು ಯುರೇನಿಯಂ ಇಳಿಯಿತು. ಆಮೇಲೆ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳು ಅಸಿಟೇಟನ್ನು ಕಬಳಿಸತೊಡಗಿದವು, ಜಿಯೋಬ್ಯಾಕ್ಟರ್ ಸೊರಗಿತು, ಯುರೇನಿಯಂ ಮತ್ತೆ ಏರಿತು. ಕೂತ ಲೋಹ ಕೂತೇ ಇರುತ್ತದೆಂಬ ಖಾತರಿಯೂ ಇಲ್ಲ: ಆಮ್ಲಜನಕವೋ ನೈಟ್ರೇಟೋ ಹರಿದು ಬಂದರೆ ಅದು ಮತ್ತೆ ಕರಗುತ್ತದೆ.

ನೈಟ್ರೇಟಿನ ವಿಷಯದಲ್ಲಿ ಮಾತ್ರ ನಿಸರ್ಗ ಉದಾರಿ. ಸಾವಯವ ಆಹಾರ ಸಿಕ್ಕರೆ ಅಸಂಖ್ಯ ಬ್ಯಾಕ್ಟೀರಿಯಾಗಳು ಅದನ್ನು ಉಸಿರಾಡಿ ಗಾಳಿಯ ಸಾರಜನಕವಾಗಿ ಬಿಡುತ್ತವೆ. ಕೆನಡಾದ ಒಂಟಾರಿಯೋದಲ್ಲಿ ಮರದ ಹೊಟ್ಟು ತುಂಬಿದ ಗೋಡೆಗಳು 1990ರ ದಶಕದಿಂದ ವರ್ಷಗಟ್ಟಲೆ ಈ ಕೆಲಸ ಮಾಡಿವೆ. ಭಾರತದ ಮಾನದಂಡ ಲೀಟರಿಗೆ 45 ಮಿಲಿಗ್ರಾಂ; ಕರ್ನಾಟಕದ ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳು ಅದನ್ನು ದಾಟಿವೆ.

ಬೇರು ಎಂಬ ಪಂಪು

ಗಿಡಮರಗಳು ಮಾಡುವ ಕೆಲಸ ಒಂದೇ ಬಗೆಯದಲ್ಲ. ಮೊದಲನೆಯದು ನೀರನ್ನು ಹೀರುವುದು. ವಿಲೋ, ಪಾಪ್ಲರ್‌ಗಳಂಥ ಮರಗಳು ನೇರವಾಗಿ ಅಂತರ್ಜಲಕ್ಕೆ ಬೇರು ಇಳಿಸುತ್ತವೆ. ಬೆಳೆದ ಪಾಪ್ಲರ್ ಬೇಸಿಗೆಯ ದಿನಕ್ಕೆ ನೂರು ಲೀಟರ್ ಆಸುಪಾಸು ನೀರನ್ನು ಎಲೆಯಿಂದ ಆವಿಯಾಗಿಸಬಲ್ಲದು. ಸಾಕಷ್ಟು ಮರ ನೆಟ್ಟರೆ ಆ ಜಾಗದ ನೀರಿನ ಮಟ್ಟ ಬಟ್ಟಲಿನಂತೆ ತಗ್ಗುತ್ತದೆ, ವಿಷದ ಜಾಡು ಆಚೆ ಹರಿಯದೆ ಅದರೊಳಗೇ ಉಳಿಯುತ್ತದೆ. ಮೇರಿಲ್ಯಾಂಡಿನ ಅಬರ್ಡೀನ್ ಶಸ್ತ್ರ ಪರೀಕ್ಷಾ ಮೈದಾನದಲ್ಲಿ 1996ರಲ್ಲಿ 183 ಹೈಬ್ರಿಡ್ ಪಾಪ್ಲರ್ ನೆಟ್ಟದ್ದು ಇದಕ್ಕೇ. ಕರ್ನಾಟಕದಲ್ಲಿ ನೀಲಗಿರಿ ಮರದ ಮೇಲೆ ಇರುವ ದೂರೂ ಇದೇ ಗುಣದ ಬಗ್ಗೆ. ಆಳದ ನೀರನ್ನು ಹೀರುತ್ತದೆಂದು ಕೋಲಾರದ ರೈತರು 1980ರ ದಶಕದಿಂದ ಕೂಗಿದ, ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೆಡಬಾರದೆಂದ ಮರದ ಗುಣವೇ ಕೆಟ್ಟ ನೀರಿನ ತಾಣದಲ್ಲಿ ಅರ್ಹತೆಯಾಗುತ್ತದೆ.

ನೀರಿನೊಂದಿಗೆ ವಿಷವೂ ಬೇರಿಗೆ ಏರುತ್ತದೆ, ಎಲ್ಲವೂ ಅಲ್ಲ. ಎಣ್ಣೆಯಲ್ಲಿ ಅತಿಯಾಗಿ ಕರಗುವ ಡಿಡಿಟಿಯಂಥವು ಬೇರಿನ ಸಿಪ್ಪೆಗೇ ಅಂಟಿ ನಿಲ್ಲುತ್ತವೆ. ನೀರು, ಎಣ್ಣೆ ಎರಡಕ್ಕೂ ಮಧ್ಯದ ಸ್ವಭಾವದ ಬೆಂಜೀನ್, ಟ್ರೈಕ್ಲೋರೋಎಥಿಲೀನ್ ಸಲೀಸಾಗಿ ಒಳಹೋಗುತ್ತವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ನ್ಯೂಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಕ್ಷೇತ್ರ ಪ್ರಯೋಗದಲ್ಲಿ ಪಾಪ್ಲರ್‌ಗಳು ಹಾಯಿಸಿದ ನೀರಿನ ಶೇ. 95ಕ್ಕೂ ಹೆಚ್ಚು ಟ್ರೈಕ್ಲೋರೋಎಥಿಲೀನ್ ತೆಗೆದವು. ಎಲೆಯಿಂದ ಗಾಳಿಗೆ ಹಾರಿದ್ದು ಅದರ ಸಣ್ಣ ಪಾಲು ಮಾತ್ರ. ಬೇರೆ ಪ್ರಯೋಗಗಳಲ್ಲಿ ಕಾಂಡದ ತೊಗಟೆಯಿಂದಲೇ ಹೊರಬಿದ್ದದ್ದು ಹೆಚ್ಚು ಎಂದು ಕಂಡಿದೆ. ಹಾಗಾಗಿ ಮರ ಮುರಿಯಿತೋ ಹಾರಿಸಿತೋ ಎಂಬ ವಾದ ಇನ್ನೂ ತಣ್ಣಗಾಗಿಲ್ಲ.

ಹಾರುವ ಪಾಲನ್ನು ತಗ್ಗಿಸಲು ಎರಡು ದಾರಿ ತೆರೆದವು. ಶ್ಯಾರನ್ ಡಾಟಿ ತಂಡ 2007ರಲ್ಲಿ ಮೊಲದ ಯಕೃತ್ತಿನ ಕಿಣ್ವದ ಜೀನನ್ನು ಪಾಪ್ಲರ್‌ಗೆ ಸೇರಿಸಿತು; ಪ್ರಯೋಗಾಲಯದಲ್ಲಿ ಆ ಸಸಿಗಳು ದ್ರಾವಣದಿಂದ ಶೇ. 91ರವರೆಗೆ ಟ್ರೈಕ್ಲೋರೋಎಥಿಲೀನ್ ತೆಗೆದರೆ ಸಾಮಾನ್ಯ ಸಸಿಗಳು ತೆಗೆದದ್ದು ಶೇ. 3 ಮಾತ್ರ. ಕುಲಾಂತರಿ ಮರಗಳನ್ನು ಬಯಲಿಗೆ ಬಿಡಲು ಒಪ್ಪಿಗೆ ಸುಲಭವಲ್ಲ ಎಂದು ಅದೇ ತಂಡ ಗಿಡದೊಳಗೇ ವಾಸಿಸುವ ಬ್ಯಾಕ್ಟೀರಿಯಾಗಳ ಕಡೆ ಹೊರಳಿತು. ಪಾಪ್ಲರ್‌ನಲ್ಲೇ ಸಿಕ್ಕ ಪಿಡಿಎನ್3 ಎಂಬ ಎಂಟರೋಬ್ಯಾಕ್ಟರ್ ತಳಿಯನ್ನು ಸಸಿಗಳಿಗೆ ಸೇರಿಸಿ ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯ ಮೌಂಟನ್ ವ್ಯೂನಲ್ಲಿ, ಹಳೆಯ ಚಿಪ್ ಕಾರ್ಖಾನೆಗಳು ಕೆಡಿಸಿದ ನೆಲದಲ್ಲಿ ನೆಟ್ಟರು. ಆ ಮರಗಳು ಹೆಚ್ಚು ದಪ್ಪವಾಗಿ ಬೆಳೆದವು, ಕಾಂಡದಲ್ಲಿ ವಿಷ ಕಡಿಮೆಯಿತ್ತು ಎಂದು 2017ರಲ್ಲಿ ವರದಿ ಮಾಡಿದರು. ಗಿಡ ಮತ್ತು ಬ್ಯಾಕ್ಟೀರಿಯಾ ಎಂಬ ಎರಡು ಅಧ್ಯಾಯಗಳು ಒಂದಾಗುವುದು ಇಲ್ಲಿ. ಟೆಕ್ಸಾಸಿನ ಕಾರ್ಸ್‌ವೆಲ್ ನೆಲೆಯಲ್ಲೂ ನೆಟ್ಟ ಪಾಪ್ಲರ್‌ಗಳ ಬೇರು ಉದುರಿಸಿದ ಸಾವಯವ ಅಂಶ ಆಮ್ಲಜನಕವನ್ನು ಮುಗಿಸಿ, ಕ್ಲೋರಿನ್ ಕೀಳುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿತ್ತು.

ಲೋಹಗಳ ವಿಷಯದಲ್ಲಿ ಗಿಡ ಒಂದು ಉಗ್ರಾಣ. 2001ರಲ್ಲಿ ಫ್ಲಾರಿಡಾದ ಹಳೆಯ ಮರ-ಸಂರಕ್ಷಣಾ ಘಟಕದ ಜಾಗದಲ್ಲಿ ಪತ್ತೆಯಾದ ಟೆರಿಸ್ ವಿಟ್ಟಾಟ ಎಂಬ ಜರಿಗಿಡ ತನ್ನ ಎಲೆಯ ಒಣತೂಕದ ಶೇ. 2.3ರವರೆಗೆ ಆರ್ಸೆನಿಕ್ ಕೂಡಿಡಬಲ್ಲದು. ಭಾರತದಲ್ಲೂ ಹಳೆಯ ಇಟ್ಟಿಗೆ ಗೋಡೆ, ಬಾವಿಕಟ್ಟೆಗಳ ಸಂದಿನಲ್ಲಿ ಬೆಳೆಯುವ ಸಾಮಾನ್ಯ ಗಿಡ ಅದು. ಬೇರನ್ನು ನೀರಿನಲ್ಲಿ ಇಳಿಬಿಟ್ಟು ಬೆಳೆಸಿದ ಸೂರ್ಯಕಾಂತಿಗಳು 1990ರ ದಶಕದಲ್ಲಿ ಓಹಾಯೋದ ಆಷ್ಟಬ್ಯೂಲದಲ್ಲಿ ಯುರೇನಿಯಂ ಬೆರೆತ ನೀರನ್ನು ಗಣನೀಯವಾಗಿ ತಿಳಿಗೊಳಿಸಿದವು. ಆದರೆ ಎರಡರಲ್ಲೂ ನೀರನ್ನು ಮೇಲೆತ್ತಲೇಬೇಕು, ಕೊಯ್ದ ಗಿಡವನ್ನು ವಿಷದ ತ್ಯಾಜ್ಯವೆಂದೇ ಸಾಗಿಸಬೇಕು. ದನ ಮೇಯ್ದರೆ, ಒಲೆಗೆ ಹಾಕಿದರೆ ಅದೇ ಆರ್ಸೆನಿಕ್ ಹಾಲಿಗೋ ಹೊಗೆಗೋ ಸೇರುತ್ತದೆ. ಸೌದೆಗೆ ಪರದಾಡುವ ಹಳ್ಳಿಯಲ್ಲಿ ಇದು ಸಣ್ಣ ಮಾತಲ್ಲ. ಲಾವಂಚ, ಜೊಂಡು ನೆಟ್ಟ ಕೃತಕ ಜೌಗುಗಳು ಕಸದ ಗುಡ್ಡಗಳಿಂದ ಸೋರುವ ರಸ ಅಂತರ್ಜಲ ಸೇರುವ ಮೊದಲೇ ತಡೆಯಲು ಇದಕ್ಕಿಂತ ಹೆಚ್ಚು ಉಪಯುಕ್ತ.

ಪುರಾವೆ ಮತ್ತು ಆಳ

ನೀರಿನಲ್ಲಿ ವಿಷ ಕಡಿಮೆಯಾದರೆ ಅದು ಮುರಿದಿದೆ ಎಂದೇನಲ್ಲ, ಹೆಚ್ಚು ನೀರಿನಲ್ಲಿ ತೆಳುವಾಗಿರಬಹುದು. ಇದನ್ನು ಬಿಡಿಸಿ ನೋಡಲು ಸಮಸ್ಥಾನಿಗಳ ಲೆಕ್ಕ ನೆರವಾಗುತ್ತದೆ. ಬ್ಯಾಕ್ಟೀರಿಯಾಗಳು ಹಗುರ ಇಂಗಾಲ-12 ಇರುವ ಅಣುಗಳನ್ನು ಮೊದಲು ಒಡೆಯುತ್ತವೆ, ಉಳಿದ ವಿಷದಲ್ಲಿ ಭಾರದ ಇಂಗಾಲ-13ರ ಪಾಲು ಏರುತ್ತದೆ. ಬರೀ ತೆಳುವಾದರೆ ಈ ಪಾಲು ಬದಲಾಗದು. ಡಿಹ್ಯಾಲೋಕಾಕಾಯ್ಡಿಸ್‌ನ ವಿನೈಲ್ ಕ್ಲೋರೈಡ್ ಮುರಿಯುವ ಜೀನುಗಳನ್ನು ನೀರಿನ ಮಾದರಿಯಲ್ಲೇ ಎಣಿಸುವ ಪರೀಕ್ಷೆ ಈಗ ಮಾಮೂಲಿ. ಮರಗಳೂ ಸಾಕ್ಷಿ ಹೇಳುತ್ತವೆ: 1999ರಲ್ಲಿ ಡಾನ್ ವ್ರೊಬ್ಲೆಸ್ಕಿ ಮತ್ತು ಸಂಗಡಿಗರು ಕಾಂಡದಿಂದ ಪೆನ್ಸಿಲ್ ಗಾತ್ರದ ತುಂಡು ಕೊರೆದು ಅದರಲ್ಲಿನ ದ್ರಾವಕ ಅಳೆದು, ಬಾವಿ ತೋಡದೆಯೇ ಕೆಳಗಿನ ಜಾಡಿನ ನಕ್ಷೆ ಬರೆಯಬಹುದೆಂದು ತೋರಿಸಿದರು.

ಗಿಡಗಳ ಮಿತಿ ಆಳ. ಮಾಮೂಲಿ ನೆಟ್ಟ ಮರಗಳಿಂದ ನಾಲ್ಕೈದು ಮೀಟರ್ ಒಳಗಿನ ನೀರಿಗಷ್ಟೇ ನೆಚ್ಚಬಹುದು. ಶಿಕಾಗೋ ಬಳಿಯ ಆರ್ಗಾನ್ ಪ್ರಯೋಗಾಲಯದಲ್ಲಿ 1999ರಲ್ಲಿ ಕೊರೆದ ರಂಧ್ರಗಳಿಗೆ ಪ್ಲಾಸ್ಟಿಕ್ ಒಳಪದರ ಹಾಕಿ, ಮೇಲಿನ ಮಳೆನೀರು ಸಿಗದಂತೆ ಮಾಡಿ, ನೂರಾರು ಪಾಪ್ಲರ್, ವಿಲೋ ಬೇರುಗಳನ್ನು ಸುಮಾರು 9 ಮೀಟರ್ ಆಳಕ್ಕೆ ಇಳಿಸಲು ಹೊರಟರು. ಅರಿಜೋನದ ಗಣಿಯೊಂದರಲ್ಲಿ ಬಳ್ಳಾರಿ ಜಾಲಿಯ ಕುಲಕ್ಕೆ ಸೇರಿದ ಮರದ ಬೇರು 53 ಮೀಟರ್ ಆಳದಲ್ಲಿ ಸಿಕ್ಕಿದೆಯಾದರೂ ಅದು ಅಪವಾದ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರಿಗೆ ಯಾವ ಬೇರೂ ಎಟುಕದು. ಬ್ಯಾಕ್ಟೀರಿಯಾಗಳಿಗೆ ಆಳ ತಡೆಯಲ್ಲ, ಬಂಡೆ ತಡೆ. ಮೇಲೆ ಹೇಳಿದ ಯಶಸ್ಸುಗಳಲ್ಲಿ ಬಹುಪಾಲು ಮರಳು, ಜಲ್ಲಿಯ ಪದರಗಳದು. ಸುರಿದದ್ದು ಅಲ್ಲಿ ಸಮನಾಗಿ ಹರಡುತ್ತದೆ. ದಖ್ಖಣದ ಗಟ್ಟಿಶಿಲೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಕಾಕಂಬಿ ಒಂದು ಬಿರುಕು ಹಿಡಿದು ಹೋದರೆ ಕ್ರೋಮಿಯಂ ಇನ್ನೊಂದರಲ್ಲಿ ಇರಬಹುದು. ಮೇಲಿನ ಶಿಥಿಲ ಪದರದಲ್ಲಿ, ತೆರೆದ ಬಾವಿಗಳ ಮಟ್ಟದಲ್ಲಿ ವಿಷ ಇರುವಾಗಲೇ ಕೈಹಾಕಿದರೆ ಫಲ ಹೆಚ್ಚು.

ಇನ್ನು ಕೆಲವು ವಿಷಗಳಿಗೆ ಇವೆರಡೂ ಮದ್ದಲ್ಲ. ಪೂರ್ವ ಕರ್ನಾಟಕದ ಫ್ಲೋರೈಡ್, ಯುರೇನಿಯಂ ಗ್ರಾನೈಟಿನಿಂದಲೇ ನೂರಾರು ಚದರ ಕಿಲೋಮೀಟರ್ ಹರವಿನಲ್ಲಿ ಒಸರುವಂಥವು. ಜಿಯೋಬ್ಯಾಕ್ಟರ್ ತಂತ್ರ ಒಂದು ಗಿರಣಿಯ ಹಿತ್ತಿಲಿಗೆ ಹೊಂದಬಹುದು, ಜಿಲ್ಲೆಗೆ ಹೊಂದದು. ಫ್ಲೋರೈಡಿಗಂತೂ ಕೆಳಗಿಳಿಯಲು ಬೇರೆ ವೇಲೆನ್ಸಿಯೇ ಇಲ್ಲ. ಅಲ್ಲಿ ನಡೆಯುವುದು ಮಳೆನೀರು ಇಂಗಿಸುವುದು, ಇಲ್ಲವೇ ನಲ್ಲಿಯ ಬಳಿ ಸೋಸುವುದು.

ಅಗ್ನಿಶಾಮಕ ನೊರೆ, ಅಂಟದ ಬಾಣಲೆಗಳಿಂದ ಬಂದ ಪಿಎಫ್‌ಎಎಸ್ ಸಂಯುಕ್ತಗಳು ಹೊಸ ಸವಾಲು. ಇಂಗಾಲ-ಫ್ಲೋರಿನ್ ಬಂಧ ಸಾವಯವ ರಸಾಯನದಲ್ಲೇ ಅತಿ ಗಟ್ಟಿಯಾದವುಗಳಲ್ಲಿ ಒಂದು, ಬ್ಯಾಕ್ಟೀರಿಯಾಗಳಿಗೆ ಅದನ್ನು ಮುರಿದ ಅನುಭವ ತೀರಾ ಕಡಿಮೆ. ಆಸಿಡಿಮೈಕ್ರೋಬಿಯಂ ಎ6 ಎಂಬ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಅದನ್ನು ನಿಧಾನವಾಗಿ ಒಡೆಯಿತೆಂದು ಪ್ರಿನ್ಸ್‌ಟನ್ ಸಂಶೋಧಕರು 2019ರಲ್ಲಿ ವರದಿ ಮಾಡಿದರು. ನೆಲದಡಿಯಲ್ಲಿ ಅದರ ಮೇಲೆ ನೆಚ್ಚಿ ಕೂರುವ ಸ್ಥಿತಿ ಇನ್ನೂ ಬಂದಿಲ್ಲ. ಗಿಡಗಳು ಇವುಗಳಲ್ಲಿ ಚಿಕ್ಕ ಸರಪಳಿಯವನ್ನು ಎಲೆಗೆ ಏರಿಸಿಕೊಳ್ಳುತ್ತವೆ, ಎಲೆ ಉದುರಿದಾಗ ಅವು ಮತ್ತೆ ನೆಲಕ್ಕೇ ಇಳಿಯುತ್ತವೆ. ಸದ್ಯ ಇಂಥ ತಾಣಗಳಲ್ಲಿ ನಡೆಯುತ್ತಿರುವುದು ನೀರನ್ನು ಪಂಪಿನಿಂದ ಮೇಲೆತ್ತಿ ಇದ್ದಿಲಿನ ಮೂಲಕ ಸೋಸುವ ಆ ಹಳೆಯ ಕೆಲಸವೇ. ತುಂಬಿದ ಇದ್ದಿಲನ್ನು ಆಮೇಲೆ ಅತಿ ಹೆಚ್ಚಿನ ಶಾಖದಲ್ಲಿ ಸುಡಬೇಕು.